ಟೀಚರ್ ತುಂಬಿದ ನಲವತ್ತೊಂದು ಫಾರಂ

ಶಾಲೆ ಬಿಟ್ಟು ಹದಿನೇಳು ವರ್ಷವಾದರೂ ನಮ್ಮ ಬೀದಿಯವರು ಅವರನ್ನು ಟೀಚರ್ ಎಂದೇ ಕರೆಯುತ್ತಾರೆ. ಕರೆಯುವ ದನಿ ಮಾತ್ರ ಮನೆಯಿಂದ ಮನೆಗೆ ಬೇರೆ. ಕೆಲವರು ಆ ಮಾತನ್ನು ಉಗುಳಿದಂತೆ ಆಡುತ್ತಾರೆ. ನಾನು ಹಾಗೆ ಆಡಲಾರೆ. ಅವರು ಬರೆದ ನಲವತ್ತೊಂದು ಹೆಸರುಗಳಲ್ಲಿ ನನ್ನದೂ ಒಂದಿತ್ತು. ಹಾಗಿದ್ದೂ ನಾನು ಬದುಕಿ ಉಳಿದು ಇದನ್ನು ಬರೆಯುತ್ತಿರುವುದು ಅವರಿಂದಲೇ.

ಸರ್ಕಾರಿ ಶಾಲೆಯಲ್ಲಿ ಅವರು ಹದಿನಾಲ್ಕು ವರ್ಷ ಗಣಿತ ಮತ್ತು ಭೂಗೋಳ ಕಲಿಸಿದ್ದರು. ಯಾವ ಮಗು ಯಾವ ಮನೆಯದು, ಯಾರ ಅಪ್ಪ ಕುಡಿಯುತ್ತಾನೆ, ಯಾರು ಬೆಳಿಗ್ಗೆ ತಿನ್ನದೆ ಬರುತ್ತಾರೆ, ಎಲ್ಲವೂ ಅವರಿಗೆ ಬಾಯಿಪಾಠ. ಆಮೇಲೆ ಸೈನ್ಯಕ್ಕೂ ಗುಡ್ಡದಲ್ಲಿ ಬಂದೂಕು ಹಿಡಿದು ಕೂತವರಿಗೂ ಕಾಳಗ ಶುರುವಾಯಿತು. ನಾವು ಆ ಇನ್ನೊಂದು ಕಡೆಯವರನ್ನು ಗುಡ್ಡದವರು ಎಂದಷ್ಟೇ ಹೇಳುತ್ತಿದ್ದೆವು. ಮೂರು ವರ್ಷದಲ್ಲಿ ಶಾಲೆ ಸೈನಿಕರ ಬಿಡಾರವಾಯಿತು, ಬೆಂಚುಗಳು ಸೌದೆಯಾದವು. ಹಿಟ್ಟಿನ ಗಿರಣಿಯ ಮುಂದೆ ಸಾಲಿನಲ್ಲಿ ನಿಂತಿದ್ದ ನನ್ನಣ್ಣ ಒಂದು ಶೆಲ್ ಬಿದ್ದು ಸತ್ತ.

ಕದನವಿರಾಮವಾದ ಮೇಲೆ ಹೊರದೇಶದ ಒಂದು ಸಂಸ್ಥೆ ಬಂದು, ಮುಚ್ಚಿಹೋಗಿದ್ದ ಟೈರ್ ಅಂಗಡಿಯ ಮಹಡಿಯನ್ನು ಬಾಡಿಗೆಗೆ ಹಿಡಿಯಿತು. ಅವರಿಗೆ ಮನೆಮನೆಯೂ ಗೊತ್ತಿರುವ ಒಬ್ಬರು ಬೇಕಿತ್ತು. ಟೀಚರ್ ಹೋದರು.

ಮೊದಲ ನಾಲ್ಕು ವರ್ಷ ಅವರು ಮಾಡಿದ ಕೆಲಸವನ್ನು ಅವರ ವೈರಿಗಳೂ ಅಲ್ಲಗಳೆಯುವುದಿಲ್ಲ. ಕೆಟ್ಟ ಕೈಪಂಪುಗಳನ್ನು ಸರಿಮಾಡಿಸಿದರು, ಸುಟ್ಟ ಮನೆಗಳಿಗೆ ತಗಡು ಹೊದಿಸಿದರು. ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಮಾತು ನಿಂತು ಯಾವ ಕಾಲವಾಗಿತ್ತೋ. ನೀರಿನ ಪೈಪು ಯಾರ ಬೀದಿಯಲ್ಲಿ ಹಾಯಬೇಕೆಂದು ಎರಡೂ ಕಡೆಯ ಹಿರಿಯರನ್ನು ಒಂದೇ ಕೋಣೆಗೆ ಕರೆಸಿದರು. ಅವರು ಎದುರುಬದುರು ಗೋಡೆಗೆ ಅಂಟಿಕೊಂಡು ಕೂತಾಗ, ಟೀಚರ್ ಹಾಜರಿ ಕರೆಯುವ ದನಿಯಲ್ಲೇ, "ಹೀಗೆ ಕೂತ್ರೆ ನಡೆಯಲ್ಲ. ಮೇಲಿನವರೊಬ್ರು, ಕೆಳಗಿನವರೊಬ್ರು, ಸಾಲಾಗಿ ಕೂತ್ಕೊಳ್ಳಿ" ಎಂದರು. ಬಿಳಿ ಗಡ್ಡದವರೆಲ್ಲ ಎದ್ದು ಜಾಗ ಬದಲಾಯಿಸಿದರು. ಆ ವರ್ಷವೇ ಎರಡೂ ಕೇರಿಗೆ ನೀರು ಬಂತು.

ಐದನೆಯ ವರ್ಷ ಕೆಲಸದ ರೀತಿ ಬದಲಾಯಿತು. ಪಂಪು, ತಗಡು ಇನ್ನು ಸಾಕು, ಹುಡುಗ ಹುಡುಗಿಯರು ಗುಡ್ಡ ಹತ್ತದಂತೆ ತಡೆಯಬೇಕು ಎಂದು ಮೇಲಿನಿಂದ ಆದೇಶ ಬಂತಂತೆ. ಅದಕ್ಕೊಂದು ಫಾರಂ ಬಂತು. ಇಪ್ಪತ್ತೆರಡು ಪ್ರಶ್ನೆ. ಇತ್ತೀಚೆಗೆ ಮಾತು ಕಡಿಮೆಯಾಗಿದೆಯೇ? ಬೇಗ ಸಿಟ್ಟು ಬರುತ್ತದೆಯೇ? ಮನೆಯಲ್ಲಿ ಯಾರಾದರೂ ಕಾಳಗದಲ್ಲಿ ಸತ್ತಿದ್ದಾರೆಯೇ? ಗುಡ್ಡದವರ ಬಗ್ಗೆ ಮೆಚ್ಚಿಕೊಂಡು ಮಾತನಾಡುತ್ತಾರೆಯೇ? ಒಂದೊಂದು ಹೌದಿಗೂ ಒಂದೊಂದು ಅಂಕ. ಹೆಚ್ಚು ಅಂಕ ಬಂದ ಇಪ್ಪತ್ತು ಮಂದಿಗೆ ನಗರದಲ್ಲಿ ಎಂಟು ತಿಂಗಳ ತರಬೇತಿ, ಸರ್ಟಿಫಿಕೇಟು.

ಟೀಚರ ಗಂಡ ಬಸ್ ಡ್ರೈವರು. ಊಟಕ್ಕೆ ಕೂತಲ್ಲೇ ಫಾರಂ ಓದಿಸಿಕೊಂಡು, "ಮಾತು ಕಡಿಮೆಯಾಗಿದೆ, ಸಿಟ್ಟು ಬರುತ್ತೆ, ಮನೆಯಲ್ಲಿ ತನಗೆ ಬೆಲೆಯಿಲ್ಲ ಅನಿಸುತ್ತೆ. ಇದೆಲ್ಲಾ ನಂಗೆ ಮದುವೆಯಾದಾಗಿನಿಂದ ಇದೆ. ನನ್ನ ಹೆಸರೂ ಬರ್ಕೋ" ಎಂದರಂತೆ.

ಟೀಚರ ಮನೆಗೂ ಪಕ್ಕದ ಟೈಲರಕ್ಕನ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಟೈಲರಕ್ಕನಿಗೆ ಗಂಡನಿಲ್ಲ, ಇರುವವನು ಒಬ್ಬನೇ ಮಗ. ರೇಡಿಯೋ, ಮೊಬೈಲು ಬಿಚ್ಚಿ ಸರಿಮಾಡುತ್ತಿದ್ದ. ಸಂಕೋಚದ ಪ್ರಾಣಿ, ಗಿರಾಕಿ ಬೈದರೂ ತಲೆ ತಗ್ಗಿಸಿ ಸ್ಕ್ರೂ ತಿರುಗಿಸುವವನು. ಅವನಿಗೆ ಎಲೆಕ್ಟ್ರಿಕಲ್ ತರಬೇತಿಗೆ ಹೋಗುವ ಆಸೆ. ಇದ್ದದ್ದನ್ನು ಇದ್ದಂತೆ ತುಂಬಿದರೆ ಅವನಿಗೆ ಬಂದದ್ದು ಆರೇ ಅಂಕ.

"ಒಳ್ಳೆಯವನಾಗಿರೋದೇ ತಪ್ಪಾಯ್ತಲ್ಲ ಟೀಚರ್" ಎಂದರು ಟೈಲರಕ್ಕ. "ನೀವೇ ಏನಾದ್ರೂ ಮಾಡೋಕಾಗುತ್ತಾ ನೋಡಿ."

"ನೋಡ್ತೀನಿ ಅಕ್ಕ" ಎಂದರು ಟೀಚರ್.

ಮಾರನೆಯ ದಿನ ಆಫೀಸಿನಲ್ಲಿ ಹೊಸ ಫಾರಂ ತೆಗೆದುಕೊಂಡು ಬರೆದರು. ಸಿಟ್ಟು: ಹೌದು. ಗುಡ್ಡದವರ ಬಗ್ಗೆ ಮೆಚ್ಚುಗೆ: ಹೌದು. ಗೊತ್ತಿಲ್ಲದವರು ಬಂದುಹೋಗುತ್ತಾರೆ: ಹೌದು. ಬರುತ್ತಿದ್ದವರು ರೇಡಿಯೋ ಕೆಟ್ಟವರು ಅಷ್ಟೇ. ಒಟ್ಟು ಹತ್ತೊಂಬತ್ತು. ಫೇಲಾಗುವ ಮಗುವಿಗೆ ನಾಲ್ಕು ಅಂಕ ಕೃಪೆ ಮಾಡಿದಷ್ಟೇ ಎಂದುಕೊಂಡಿದ್ದೆ ಎಂದು ಅವರೇ ನನಗೆ ಹೇಳಿದ್ದಾರೆ. ಫಾರಮ್ಮುಗಳು ಆಫೀಸಿನ ಬೀರು ದಾಟುವುದಿಲ್ಲ ಎಂದು ಸಂಸ್ಥೆಯ ನಿರ್ದೇಶಕಿ ಮಾತು ಕೊಟ್ಟಿದ್ದರು. ಟೀಚರ್ ಅದನ್ನೇ ನಲವತ್ತೊಂದು ಮನೆಗಳಲ್ಲಿ ಹೇಳಿ ನಂಬಿಸಿದ್ದರು.

ಹುಡುಗನಿಗೆ ಸೀಟು ಸಿಕ್ಕಿತು. ತರಬೇತಿಗೆ ಹೊರಡಲು ಎರಡು ವಾರವಿದ್ದಾಗ ಸೇತುವೆಯ ತಪಾಸಣೆ ಚೌಕಿಯಲ್ಲಿ ಬಾಂಬು ಸಿಡಿದು ಆರು ಸೈನಿಕರು ಸತ್ತರು. ನಾಲ್ಕನೆಯ ದಿನ ಬೆಳಿಗ್ಗೆ ಮೂರು ಲಾರಿಗಳು ನಮ್ಮ ಬೀದಿಗೆ ಬಂದವು. ಮುಂದೆ ನಡೆಯುತ್ತಿದ್ದ ಅಧಿಕಾರಿಯ ಕೈಯಲ್ಲಿ ಒಂದು ಹಾಳೆ. ಅವನು ಬಾಗಿಲು ತಟ್ಟಿ ತಟ್ಟಿ ಹುಡುಕಲಿಲ್ಲ. ಓದಿ ಓದಿ ಕರೆದ. ಹೆಚ್ಚು ಅಂಕದ ಏಳು ಜನರನ್ನು ಲಾರಿಗೆ ಹತ್ತಿಸಿದರು. ಟೈಲರಕ್ಕನ ಮಗ ಮೂರನೆಯವನು, ಒಂದು ಕಾಲಿಗೆ ಮಾತ್ರ ಚಪ್ಪಲಿ ಇತ್ತು.

ಟೀಚರ್ ತಮ್ಮ ಗೇಟಿನಲ್ಲಿ ನಿಂತಿದ್ದರು. ಅಧಿಕಾರಿ ಹಾದುಹೋಗುವಾಗ ಹಾಳೆ ಕಣ್ಣಿಗೆ ಬಿತ್ತು. ಗೆರೆ ಎಳೆದ ಪಟ್ಟಿ, ಬಲಗಡೆ ಅಂಕಗಳ ಕಿರಿದಾದ ಕಾಲಂ. ಆಫೀಸಿಗೆ ಪಟ್ಟಿ ಮಾಡಿಕೊಡುವಾಗ ಆ ಕಾಲಂ ಎಳೆದವರೇ ಟೀಚರ್.

ಹಾಗೇ ಆಫೀಸಿಗೆ ಓಡಿದರು. ನಿರ್ದೇಶಕಿ ಹೊರದೇಶದವರು, ನಮ್ಮ ಮಾತನ್ನು ಕಲಿತು ಚೆನ್ನಾಗಿಯೇ ಆಡುತ್ತಿದ್ದರು. ತಿಂಗಳಿಗೊಮ್ಮೆ ಸೈನ್ಯದವರ ಜೊತೆ ಸಮನ್ವಯ ಸಭೆ ನಡೆಯುತ್ತದೆ, ಅಲ್ಲಿಗೆ ಒಟ್ಟು ಲೆಕ್ಕ ಮಾತ್ರ ಕಳಿಸಬೇಕಿತ್ತು, ಯಾರೋ ಹೆಸರಿನ ಕಾಲಂ ತೆಗೆಯುವುದನ್ನು ಮರೆತಿದ್ದಾರೆ ಎಂದರು. ಹೇಳುವಾಗ ಅವರ ಮುಖ ಸುಣ್ಣದಂತಾಗಿತ್ತು.

"ಟೈಲರಕ್ಕನ ಮಗನ ಅಂಕ ಸುಳ್ಳು" ಎಂದರು ಟೀಚರ್. "ಸೀಟು ಸಿಗ್ಲಿ ಅಂತ ನಾನೇ ಹಾಕಿದ್ದು."

ನಿರ್ದೇಶಕಿ ಎದ್ದು ಬಾಗಿಲು ಮುಚ್ಚಿದರು. "ಇದನ್ನ ಇನ್ಯಾರಿಗೂ ಹೇಳಬೇಡಿ. ಒಂದು ಸುಳ್ಳು ಅಂದ್ರೆ ನಲವತ್ತೊಂದೂ ಸುಳ್ಳು ಅಂತಾರೆ. ಕೆಲಸವೇ ನಿಂತುಹೋಗುತ್ತೆ."

"ನಿಲ್ಲಲಿ" ಎಂದು ಟೀಚರ್ ಎದ್ದು ಬಂದರು.

ಸೈನಿಕರ ಬಿಡಾರವೆಂದರೆ ಅವರ ಹಳೆಯ ಶಾಲೆಯೇ. ಅಧಿಕಾರಿ ಕೂತಿದ್ದದ್ದು ಏಳನೇ ತರಗತಿಯ ಕೋಣೆಯಲ್ಲಿ. ಭೂಪಟ ನೇತುಹಾಕುತ್ತಿದ್ದ ಮೊಳೆಗೆ ಅವನ ಟೋಪಿ ಹಾಕಿತ್ತು. ಟೀಚರ್ ನಿಂತೇ ಎಲ್ಲವನ್ನೂ ಹೇಳಿದರು. ಅವನು ಸಮಾಧಾನವಾಗಿ ಕೇಳಿಸಿಕೊಂಡ.

"ಆಗ ಬರೆದದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

"ಆಗ ಬರೆದದ್ದು."

"ಅಂದ್ರೆ ನೀವು ಸುಳ್ಳು ಬರೆಯೋರು. ಸುಳ್ಳು ಬರೆಯೋರ ಮಾತನ್ನ ನಾನು ಈಗ ಯಾಕೆ ನಂಬಬೇಕು, ನೀವೇ ಹೇಳಿ ಮೇಡಂ."

ಟೀಚರ್ ಮತ್ತೆ ಅದನ್ನೇ ಹೇಳಿದರು. ಬರೆದು ಕೊಡಿ ಎಂದ, ಬರೆದುಕೊಟ್ಟರು. ಅವನು ಆ ಕಾಗದವನ್ನು ಫೈಲಿನ ಒಳಗಲ್ಲ, ಅಡಿಯಲ್ಲಿಟ್ಟ.

ಅಲ್ಲಿಂದ ನೇರವಾಗಿ ಟೈಲರಕ್ಕನ ಮನೆಗೆ ಹೋದರು. ಅಕ್ಕಪಕ್ಕದ ಹೆಂಗಸರು ತುಂಬಿದ್ದರು. ಟೈಲರಕ್ಕ ಮಾತ್ರ ಮಷಿನ್ನು ತುಳಿಯುತ್ತಿದ್ದರು. ಟೀಚರ್ ಎಲ್ಲರ ಎದುರಿಗೇ ಹೇಳಿದರು. ಪಟ್ಟಿ ತಮ್ಮದು. ಅವನ ಹತ್ತೊಂಬತ್ತು ಅಂಕವೂ ತಮ್ಮ ಕೈಯದೇ.

ಮಷಿನ್ನು ನಿಂತಿತು. "ಸೀಟಿಗೆ ಅಂತ ಬರೆದ್ರಾ?"

"ಹೌದು ಅಕ್ಕ."

"ನನ್ನ ಮಗ ಗುಡ್ಡದವರನ್ನ ಹೊಗಳ್ತಾನೆ ಅಂತ ನೀನು ಬರೆದೆ?"

ಹದಿನೆಂಟು ವರ್ಷ ನೀವು ಎಂದು ಕರೆದ ಬಾಯಿಂದ ನೀನು ಎಂದು ಬಂದಾಗ ಕೆನ್ನೆಗೆ ಹೊಡೆದದ್ದಕ್ಕಿಂತ ಹೆಚ್ಚಾಯಿತು ಎಂದು ಟೀಚರ್ ಹೇಳುತ್ತಾರೆ. ಟೈಲರಕ್ಕ ಮತ್ತೆ ಮಷಿನ್ನು ತುಳಿಯತೊಡಗಿದರು. ಯಾರೋ ಟೀಚರ ರಟ್ಟೆ ಹಿಡಿದು ಹೊರಗೆ ಬಿಟ್ಟರು.

ವಾರದೊಳಗೆ ಸಂಸ್ಥೆಯಿಂದ ಕೆಲಸ ಬಿಡಿಸಿದ ಪತ್ರ ಬಂತು. ಗಂಡ, "ಸದ್ಯ, ಇನ್ನು ಸ್ವಲ್ಪ ದಿನ ಬಾಯಿ ಮುಚ್ಕೊಂಡಿರು" ಎಂದರು. ಆದರೆ ಟೀಚರ್ ಫಾರಂ ತುಂಬುವ ಮೊದಲು ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಅದನ್ನು ಕೈಗೆ ತೆಗೆದುಕೊಂಡಾಗ ಗಂಡ ಬಾಗಿಲಿಗೆ ಅಡ್ಡ ನಿಂತರು.

"ತಲೆ ಕೆಟ್ಟಿದೆಯಾ ನಿಂಗೆ? ಮಾಡಿದ್ದನ್ನ ಮುಚ್ಚಿಡೋರನ್ನ ನೋಡಿದ್ದೀನಿ. ಮನೆಮನೆಗೆ ಹೋಗಿ ಬಿಚ್ಚಿಡೋರನ್ನ ನೋಡಿಲ್ಲ."

"ಏಳು ಜನ ಹೋಗಿದ್ದಾರೆ, ಇನ್ನೂ ಮೂವತ್ತನಾಲ್ಕು ಹೆಸರು ಅವರ ಕೈಯಲ್ಲಿದೆ. ಅದು ಆ ಮನೆಯವರಿಗೆ ಗೊತ್ತಾಗ್ಬೇಡ್ವಾ? ಗೊತ್ತಾದ್ರೆ ಮಕ್ಕಳನ್ನ ಬೇರೆ ಕಡೆಗಾದ್ರೂ ಕಳಿಸ್ತಾರೆ."

ಐದು ದಿನದಲ್ಲಿ ಮೂವತ್ತನಾಲ್ಕೂ ಮನೆ ಹತ್ತಿಳಿದರು. ಒಂದೊಂದು ಮನೆಯಲ್ಲೂ ತಾವು ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದರು. ಒಬ್ಬರು ಬಾಗಿಲು ತೆಗೆಯಲೇ ಇಲ್ಲ. ಒಬ್ಬ ತಂದೆ ಕೈಯಲ್ಲಿದ್ದ ಚೊಂಬನ್ನು ಬೀಸಿ ಎಸೆದ, ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದವು. ಗಾಯಕ್ಕೆ ಪಟ್ಟಿ ಕಟ್ಟಿಕೊಂಡು ಮುಂದಿನ ಮನೆಗೆ ಹೋದರು.

ನಮ್ಮ ಮನೆಗೆ ಬಂದದ್ದು ಹುಬ್ಬಿಗೆ ಕಟ್ಟಿದ ಆ ಪಟ್ಟಿಯಲ್ಲೇ. ನನಗಾಗ ಹತ್ತೊಂಬತ್ತು. ಅಪ್ಪ ಕುರ್ಚಿ ಕೊಟ್ಟರೂ ಕೂರದೆ ಓದಿದರು. "ಅಣ್ಣ ಸತ್ತ ಮೇಲೆ ಮಾತು ಬಿಟ್ಟಿದ್ದಾಳೆ. ಸೈನಿಕರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಯಾರನ್ನು ನೋಡಿಯೂ ನಗುವುದಿಲ್ಲ. ಹದಿನೇಳು ಅಂಕ."

ಅಪ್ಪ ಕುರ್ಚಿಯನ್ನು ಗೋಡೆಗೆ ಸರಿಸಿಟ್ಟರು. "ನೀವು ಬರೆದಿರೋದೆಲ್ಲಾ ನಿಜವೇ ಟೀಚರ್. ಆದ್ರೆ ಅದು ನಮ್ಮ ಮನೆ ದುಃಖ. ಅದಕ್ಕೆ ಅಂಕ ಹಾಕೋಕೆ ನೀವ್ಯಾರು?"

ಟೀಚರ್ ನನ್ನ ಕಡೆ ತಿರುಗಿ, "ಇಲ್ಲಿರಬೇಡ ಮಗು" ಎಂದಷ್ಟೇ ಹೇಳಿ ಹೋದರು.

ಮಾರನೆಯ ಬೆಳಿಗ್ಗೆ ಅಪ್ಪ ನನ್ನನ್ನು ದೂರದ ಊರಿನ ಅತ್ತೆಯ ಮನೆಗೆ ಬಸ್ಸು ಹತ್ತಿಸಿದರು. ಓಡಿಸುತ್ತಿದ್ದವರು ಟೀಚರ ಗಂಡನೇ. ಚೌಕಿಯಲ್ಲಿ ಸೈನಿಕ ನನ್ನ ಬಗ್ಗೆ ಕೇಳಿದಾಗ ಅವರು ತಿರುಗಿಯೂ ನೋಡದೆ, "ನನ್ನ ಸೊಸೆ, ತವರಿಗೆ ಹೊರಟಿದ್ದಾಳೆ" ಎಂದರು. ಅವರಿಗೆ ಮಕ್ಕಳೇ ಇರಲಿಲ್ಲ.

ಹತ್ತು ದಿನ ಕಳೆದು ಲಾರಿಗಳು ಮತ್ತೆ ಬಂದವು. ಉಳಿದವರಲ್ಲಿ ಹದಿನಾರೋ ಅದಕ್ಕಿಂತ ಹೆಚ್ಚೋ ಅಂಕ ಬಂದ ಎಲ್ಲರ ಹೆಸರನ್ನೂ ಓದಿದರಂತೆ. ಕರೆದ ಒಂಬತ್ತು ಮನೆಗಳಲ್ಲಿ ಎಂಟು ಮನೆಯ ಮಕ್ಕಳು ಊರಿನಲ್ಲಿರಲಿಲ್ಲ. ಸಿಕ್ಕವನು ಆ ಬಾಗಿಲು ತೆಗೆಯದ ಮನೆಯವನು.

ಮೊದಲು ಒಯ್ದ ಏಳು ಜನರಲ್ಲಿ ಇಬ್ಬರು ತಿಂಗಳಲ್ಲೇ ಬಂದರು. ಒಬ್ಬನ ಹೆಣ ಬಂತು, ಜೊತೆಗೆ ಜ್ವರದಿಂದ ಸತ್ತನೆಂಬ ಚೀಟಿ. ಟೈಲರಕ್ಕನ ಮಗನೂ ಇನ್ನಿಬ್ಬರೂ ಹದಿನಾಲ್ಕು ತಿಂಗಳ ಮೇಲೆ ಬಂದರು. ಟೋಪಿ ಹೊಲಿಯುವವನ ಮಗನೊಬ್ಬ ಮಾತ್ರ ಬರಲೇ ಇಲ್ಲ. ಬಾಗಿಲು ತೆಗೆಯದ ಮನೆಯವನು ಮೂರು ವರ್ಷದ ಮೇಲೆ ಬಂದ, ಒಂದು ಕಣ್ಣಿರಲಿಲ್ಲ. ಸೇತುವೆಯಲ್ಲಿ ಬಾಂಬು ಇಟ್ಟವರು ಬೇರೆಯೇ ಊರಿನವರೆಂದು ಆಮೇಲೆ ಗೊತ್ತಾಯಿತು.

ಟೈಲರಕ್ಕನ ಮಗನ ಎಡಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. ಸ್ಕ್ರೂ ಹಿಡಿಯುವುದು ಅಲ್ಲಿಗೆ ಮುಗಿಯಿತು. ಒಂದು ದಿನ ನಲ್ಲಿಯ ಬಳಿ ಟೀಚರ್ ಎದುರಾದರು. ತಾನಾಗಿಯೇ ಕೇಳಿದ.

"ಟೀಚರ್, ನಂಗೆ ಎಷ್ಟು ಅಂಕ ಹಾಕಿದ್ರಿ?"

"ಹತ್ತೊಂಬತ್ತು."

"ಗಣಿತದಲ್ಲಿ ಯಾವತ್ತೂ ಅಷ್ಟು ಹಾಕಿರ್ಲಿಲ್ಲ ನೀವು."

ಹೇಳಿ ಅವನೇ ನಕ್ಕನಂತೆ. ಟೀಚರ್ ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ನಡೆದರು.

ಸಂಸ್ಥೆಯ ಮುಖ್ಯ ಕಚೇರಿಗೆ ಟೀಚರ್ ಒಂಬತ್ತು ಪತ್ರ ಬರೆದರು. ಒಂದಕ್ಕೆ ಉತ್ತರ ಬಂತು: ನಿಮ್ಮ ಅನುಭವ ಹಂಚಿಕೊಂಡದ್ದಕ್ಕೆ ಧನ್ಯವಾದ. ನಿರ್ದೇಶಕಿಗೆ ವರ್ಗವಾಯಿತು. ಅದೇ ಫಾರಂ ಬೇರೆ ಹೆಸರಿನಲ್ಲಿ ಬೇರೆ ಜಿಲ್ಲೆಗೆ ಹೋಯಿತೆಂದು ಕೇಳಿದೆವು. ಟೀಚರ್ ಮನೆಪಾಠ ಶುರುಮಾಡಿದರೆ ಯಾರೂ ಮಕ್ಕಳನ್ನು ಕಳಿಸಲಿಲ್ಲ. ಕಡೆಗೆ ಹಾಲಿನ ಡಿಪೋದಲ್ಲಿ ಚೀಟಿ ಹರಿಯುವ ಕೆಲಸ ಸಿಕ್ಕಿತು.

ಆರು ವರ್ಷದ ಮೇಲೆ ಟೈಲರಕ್ಕನ ಮೂತ್ರಪಿಂಡ ಕೆಟ್ಟಿತು. ವಾರಕ್ಕೆ ಎರಡು ಸಲ ನಗರದ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡಿಸಬೇಕು. ಹೋಗಲು ಮೂರು ಗಂಟೆ, ದಾರಿಯಲ್ಲಿ ನಾಲ್ಕು ಚೌಕಿ. ಒಳಗಿದ್ದು ಬಂದವರನ್ನು ಪ್ರತಿ ಚೌಕಿಯಲ್ಲೂ ಇಳಿಸಿ ಗಂಟೆಗಟ್ಟಲೆ ಕೂರಿಸುತ್ತಿದ್ದರು. ಹಾಗಾಗಿ ಮಗ ಜೊತೆಗೆ ಹೋಗುವಂತಿರಲಿಲ್ಲ. ಮೊದಲ ದಿನ ಟೈಲರಕ್ಕ ಒಬ್ಬರೇ ಬಸ್ಸು ಹತ್ತಿದಾಗ ಹಿಂದಿನ ಸೀಟಿನಲ್ಲಿ ಟೀಚರ್ ಇದ್ದರು. ಡಿಪೋದಲ್ಲಿ ವಾರಕ್ಕೆ ಎರಡು ದಿನ ರಜೆ ಕೊಡದಿದ್ದರಿಂದ ಕೆಲಸ ಬಿಟ್ಟೇ ಬಂದಿದ್ದರು. ನಾಲ್ಕು ವಾರ ಇಬ್ಬರೂ ಒಂದು ಮಾತೂ ಆಡದೆ ಹೋಗಿಬಂದರು. ಐದನೆಯ ವಾರ ಆಸ್ಪತ್ರೆಯ ಬೆಂಚಿನಲ್ಲಿ ಟೈಲರಕ್ಕ ಬಾಯಿಬಿಟ್ಟರು.

"ನೀನು ಬರ್ತೀಯ ಅಂತ ನಾನು ಕ್ಷಮಿಸಿದ್ದೀನಿ ಅಂದ್ಕೋಬೇಡ."

"ಅಂದ್ಕೊಂಡಿಲ್ಲ ಅಕ್ಕ."

"ಸರಿ ಹಾಗಾದ್ರೆ. ಗುರುವಾರ ಏಳು ಗಂಟೆ ಬಸ್ಸಿಗೇ ಬಾ, ಆಮೇಲಿನದು ಬಹಳ ರಶ್ಶು."

ಹೀಗೆ ಇಪ್ಪತ್ತು ತಿಂಗಳು ನಡೆಯಿತು. ಟೈಲರಕ್ಕ ತೀರಿಹೋದ ದಿನ ಅವರ ಮನೆಯೊಳಗೆ ಬಾ ಎಂದು ಟೀಚರನ್ನು ಯಾರೂ ಕರೆಯಲಿಲ್ಲ. ಅವರು ಹೊರಗೆ ಗೋಡೆಯ ಬಳಿ ಸಂಜೆಯವರೆಗೆ ನಿಂತಿದ್ದರು.

ಹೋದ ವರ್ಷ ನಾನು ಊರಿಗೆ ಹೋದಾಗ ಅವರ ಮನೆಗೆ ಹೋದೆ. ಮಂಡಿ ನೋವು, ಕೈಯಲ್ಲಿ ಕೋಲು. ಇವತ್ತು ತಿಂಗಳ ಮೊದಲ ಸೋಮವಾರ, ನಿಲ್ಲಲು ಪುರುಸೊತ್ತಿಲ್ಲ ಎಂದರು. ಬಾರದೇ ಉಳಿದ ಆ ಹುಡುಗನ ತಾಯಿಯನ್ನು ತಿಂಗಳಿಗೊಮ್ಮೆ ಬಿಡಾರದ ಗೇಟಿಗೆ ಕರೆದುಕೊಂಡು ಹೋಗುತ್ತಾರೆ. ಆಕೆಗೆ ಓದು ಬರಹ ಬರುವುದಿಲ್ಲ, ಮಗ ಎಲ್ಲಿದ್ದಾನೆಂದು ಕೇಳುವ ಅರ್ಜಿಯನ್ನು ಟೀಚರೇ ಬರೆಯುತ್ತಾರೆ. ನಾನೂ ಜೊತೆಗೆ ಹೋದೆ. ಗೇಟಿನ ಗುಮಾಸ್ತ ಹೊಸಬ. ಅರ್ಜಿ ತೆಗೆದುಕೊಂಡು, "ಇವರು ತಾಯಿ, ಸರಿ. ಹುಡುಗನಿಗೆ ನೀವೇನಾಗಬೇಕು?" ಎಂದು ಕೇಳಿದ.

"ಅವನ ಹೆಸರು ಬರೆದುಕೊಟ್ಟವಳು" ಎಂದರು ಟೀಚರ್.

ಗುಮಾಸ್ತನಿಗೆ ಅರ್ಥವಾಗಲಿಲ್ಲ. ಸಂಬಂಧಿಕರು ಎಂದು ಗುರುತು ಹಾಕಿಕೊಂಡು, ಮುಂದಿನ ತಿಂಗಳು ಬನ್ನಿ ಎಂದ.