ಹತ್ತಿ ಬಿಡಿಸುವವಳಿಗೆ ಹಾರ

ಪುಣೆಯಲ್ಲಿ ತರ್ಕಶಾಸ್ತ್ರ ಓದಿ ಬಿ.ಎ. ಆಗಿ ಧಾರವಾಡಕ್ಕೆ ಮರಳಿದ ಮೇಲೆ ನನಗೆ ಸಿಕ್ಕ ಮೊದಲ ಉದ್ಯೋಗವೆಂದರೆ ಒಂದು ಸಮಿತಿಯ ಸಹಕಾರ್ಯದರ್ಶಿಯ ಸ್ಥಾನ. ಸಂಬಳವಿರಲಿಲ್ಲ, ಆದರೆ ಕೂಡಲು ಗಾದಿ ಇತ್ತು. ಅದು ಮೂವತ್ತರ ದಶಕ. ಓದಿದವರಿಗೆಲ್ಲ ಹಳ್ಳಿಯ ಹುಚ್ಚು ಹತ್ತಿದ ಕಾಲ. ಸಂಜೆಯಾದರೆ ಗರಗದ ಖಾದಿ ಉಟ್ಟು, ನಮ್ಮ ಅಧ್ಯಕ್ಷರಾದ ವಕೀಲರ ಅಟ್ಟದ ಮೇಲೆ ಸೇರಿ, ಹಚ್ಚಿದ ಅವಲಕ್ಕಿ ತಿನ್ನುತ್ತ ಹಳ್ಳಿಯನ್ನು ಉದ್ಧಾರ ಮಾಡುತ್ತಿದ್ದೆವು. ನಾನಾದರೂ ಹಳ್ಳಿಯನ್ನು ರೈಲಿನ ಕಿಟಕಿಯಿಂದ ಚೆನ್ನಾಗಿ ಬಲ್ಲವನು.

ಆ ವರ್ಷದ ಕೃಷಿ ಪ್ರದರ್ಶನದಲ್ಲಿ ಹೊಲದಲ್ಲಿ ದುಡಿಯುವ ಹೆಣ್ಣುಮಗಳನ್ನು ಗೌರವಿಸಬೇಕೆಂದು ಠರಾವಾಯಿತು. ಹಿಂದಿನ ವರ್ಷ ಗೌರವಿಸಿದ್ದು ಒಂದು ಹೋರಿಯನ್ನು. ಹೆಣ್ಣುಮಗಳ ದೊಡ್ಡ ಫೋಟೋವೊಂದನ್ನು ಮಂಟಪದ ನಡುವೆ ತೂಗುಹಾಕುವುದು, ಕೊನೆಯ ದಿನ ಅವಳನ್ನೇ ಕರೆತಂದು ಶಾಲು ಹೊದಿಸುವುದು, ಇದು ಯೋಜನೆ. ಹೋರಿಗೆ ಶಾಲು ಹೊದಿಸಿದ್ದೆವೋ ಇಲ್ಲವೋ ನೆನಪಿಲ್ಲ.

ಫೋಟೋ ತೆಗೆಯಲು ಹಳೇ ಹುಬ್ಬಳ್ಳಿಯ ಸಾಹೇಬರೊಬ್ಬರು ಒಪ್ಪಿದರು. ಮೂರು ಕಾಲಿನ ಕ್ಯಾಮೆರಾ, ಕರಿ ಬಟ್ಟೆ, ಗಾಜಿನ ಪ್ಲೇಟುಗಳ ಪೆಟ್ಟಿಗೆ, ಎಲ್ಲ ಹೇರಿಕೊಂಡು ಶಿರಗುಪ್ಪಿಗೆ ಹೋದೆವು. ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗಾಗಿತ್ತು. ಬಿಡಿಸುವುದರಲ್ಲಿ ಊರಿಗೇ ಕೈ ಚುರುಕು ಎಂದು ಊರವರು ಒಬ್ಬ ಹೆಣ್ಣುಮಗಳನ್ನು ತೋರಿಸಿದರು. ಆಕೆ ಮೊದಲು ಕೇಳಿದ್ದು ಒಂದೇ ಪ್ರಶ್ನೆ.

"ಈ ಫೋಟೋ ಧಾರವಾಡದಾಗ ಹಾಕ್ತೀರೇನ್ರಿ? ಎಲ್ಲಾರೂ ನೋಡ್ತಾರೇನು?"

"ಸಾವಿರಾರು ಜನ ನೋಡ್ತಾರವ್ವಾ," ಎಂದರು ಅಧ್ಯಕ್ಷರು, ಆಕೆ ಹೆದರಿದಳೆಂದು ತಿಳಿದು.

"ಸಾವಿರ ಜನ ಯಾಕ ಬೇಕ್ರಿ ನನಗ? ನಮ್ಮಣ್ಣ ಸಂತಿಗೆ ಬರ್ತಾನ. ಅವ ನೋಡಿದ್ರ ಸಾಕು. ತಡೀರಿ, ಸೀರಿ ಉಟಗೊಂಡು ಬರ್ತೇನಿ."

ಅಣ್ಣನ ಮಗನ ಮದುವೆಯಲ್ಲಿ ಆಕೆಗೆ ಆಹೇರಿ ಕೊಟ್ಟ ಸೀರೆ ತೀರ ಜಾಳುಜಾಳಾಗಿತ್ತಂತೆ. ಆಕೆ ಅದನ್ನು ಹಂದರದಲ್ಲೇ, ನಾಕು ಮಂದಿಯ ಎದುರು, ಅಣ್ಣನ ಹೆಂಡತಿಯ ಕೈಗೆ ಮರಳಿಸಿದ್ದಳು. ಅಂದಿನಿಂದ ಪಂಚಮಿಗೆ ಕರೆಯಲು ಅಣ್ಣ ಬಂದಿರಲಿಲ್ಲ. ಅವನಾಗಿ ಕರೆಯದೆ ತವರಿನ ಹೊಸ್ತಿಲು ತುಳಿಯುವುದಿಲ್ಲ ಎಂದು ಈಕೆಯ ಹಟ. ಚೆನ್ನಾಗಿ ಉಟ್ಟು ತೊಟ್ಟ ಫೋಟೋ ನೋಡಿದರೆ ಅವನ ಹೊಟ್ಟೆ ಉರಿಯುತ್ತದೆ, ಉರಿ ತಣಿಸಿಕೊಳ್ಳಲಾದರೂ ಬರುತ್ತಾನೆ ಎಂದು ಲೆಕ್ಕ ಹಾಕಿದ್ದಳು. ಇಷ್ಟನ್ನೂ ಆಕೆ ನಮಗೆ, ಕಂಡರಿಯದವರಿಗೆ, ಹೊಲದ ಬದುವಿನ ಮೇಲೆ ನಿಂತು ಹೇಳಿದಳು.

ಇಳಕಲ್ ಸೀರೆ, ಕೊರಳಿಗೆ ಬೋರಮಾಳ, ಕಿವಿಗೆ ನೆರೆಮನೆಯಿಂದ ತಂದ ಬುಗುಡಿ ಹೇರಿಕೊಂಡು ಆಕೆ ಬಂದಾಗ ಅಧ್ಯಕ್ಷರಿಗೆ ತಲೆಬಿಸಿಯಾಯಿತು. "ಹತ್ತಿ ಬಿಡಿಸೋ ಹೆಣ್ಮಗಳು ಬೋರಮಾಳ ಹಾಕ್ಕೊಂಡು ಹೊಲಕ್ಕ ಹೋಗ್ತಾಳೇನು?"

"ಫೋಟೋ ತಗಿಸಿಕೊಳ್ಳೋ ಹೆಣ್ಮಗಳು ಹರಕ ಸೀರಿ ಉಟಗೊಂಡು ಬರ್ತಾಳೇನ್ರಿ?"

ಕೊನೆಗೆ ರಾಜಿಯಾಯಿತು. ಒಂದು ಫೋಟೋ ಆಕೆಯ ಮನಸ್ಸಿನಂತೆ, ಇನ್ನೊಂದು ಅಧ್ಯಕ್ಷರ ಮನಸ್ಸಿನಂತೆ. ತೂಗುಹಾಕುವುದು ಮಾತ್ರ ಆಕೆಯದನ್ನೇ ಎಂದು ಅಧ್ಯಕ್ಷರು ಮಾತು ಕೊಟ್ಟರು. ಆ ಇಳಕಲ್ ಸೀರೆ ಕಡುಹಸಿರು ಎಂದು ನನ್ನ ನೆನಪು. ಫೋಟೋದಲ್ಲಿ ಅದು ಬರೀ ಬೂದಿ ಬಣ್ಣ. ಮುಂದೆ ಎಷ್ಟೋ ಸಲ ನೋಡಿದ್ದು ಫೋಟೋವನ್ನು, ಸೀರೆಯನ್ನು ನೋಡಿದ್ದು ಒಮ್ಮೆ. ಹಸಿರು ಎಲ್ಲಿಂದ ಬಂತೋ ಹೇಳಲಾರೆ.

ಸಮಿತಿಯ ಸಭೆಯಲ್ಲಿ ಎರಡೂ ಪ್ರತಿಗಳನ್ನು ಇಟ್ಟು ಮತ ಹಾಕಿದೆವು. ಹರಕು ಸೀರೆ ಬಹುಮತದಿಂದ ಗೆದ್ದಿತು. "ಮಾತು ಕೊಟ್ಟೀರಲ್ರಿ," ಎಂದರು ಸಾಹೇಬರು. ವಕೀಲರು ಮುಗುಳುನಕ್ಕರು. "ಮಾತು ಕೊಟ್ಟಾಂವ ನಾನು. ಆರಿಸಿದ್ದು ಸಮಿತಿ."

ಪ್ರದರ್ಶನ ಆರಂಭವಾದ ದಿನ ಫೋಟೋದ ಕೆಳಗೆ 'ಕೃಷಿಲಕ್ಷ್ಮಿ' ಎಂದು ಬರೆಸಿ, ಕುಂಕುಮ ಹಚ್ಚಿ, ದೊಡ್ಡದೊಂದು ಚೆಂಡುಹೂವಿನ ಹಾರ ಹಾಕಿ, ಊದುಬತ್ತಿ ಬೆಳಗಿದೆವು. ಪಟ್ಟಣದಲ್ಲಿ ಮುಂದಾಳುಗಳ ಫೋಟೋಕ್ಕೆ ಅವರು ಜೀವಂತ ಇರುವಾಗಲೇ ಹಾರ ಬೀಳುತ್ತದೆ. ರೈತರ ಮನೆಯಲ್ಲಿ ಮನುಷ್ಯರ ಫೋಟೋಕ್ಕೆ ಹಾರ ಬೀಳುವುದು ಅವರು ತೀರಿದ ಮೇಲೆ. ಇದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಾಹೇಬರಿಗೆ ಹೊಳೆದಿರಬೇಕು, ಒಮ್ಮೆ ಕೆಮ್ಮಿದರು. ಊದುಬತ್ತಿಯ ಹೊಗೆಗೆ ಕೆಮ್ಮಿದ್ದೂ ಇರಬಹುದು.

ಸಂತೆಯ ದಿನ ಒಬ್ಬ ರೈತ ಮಂಟಪಕ್ಕೆ ಬಂದು ಆ ಫೋಟೋದ ಮುಂದೆ ನಿಂತ. ನಿಂತವನು ನಿಂತೇ ಇದ್ದ. ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಕಣ್ಣಲ್ಲಿ ನೀರು. ಕಲೆ ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಹತ್ತಿರ ಹೋದೆ.

"ಯಾವಾಗ ಆತ್ರೀ ಇದು?" ಎಂದು ಕೇಳಿದ.

"ಹೋದ ವಾರ," ಎಂದೆ, ಫೋಟೋ ತೆಗೆದದ್ದನ್ನು ಕೇಳುತ್ತಿದ್ದಾನೆಂದು.

"ಅಕಿಗೆ ಭಾಳ ತ್ರಾಸ ಆತೇನ್ರಿ?"

"ಏನೇನೂ ಇಲ್ಲ. ಒಂದು ಕ್ಷಣದಾಗ ಮುಗೀತು. ಅಲುಗಾಡಬ್ಯಾಡ ಅಂದ್ವಿ, ಅಲುಗಾಡಲಿಲ್ಲ."

"ನೀವು ಬಾಜೂಕ ಇದ್ರೇನ್ರಿ?"

"ಸಮಿತಿಯವರು ಎಲ್ಲಾರೂ ಇದ್ವಿ."

"ಪುಣ್ಯಾ ಮಾಡಿದ್ಲು," ಎಂದು ಕೈಮುಗಿದು ಹೋದ.

ಮಾತುಕತೆ ಇಷ್ಟು ಅಚ್ಚುಕಟ್ಟಾಗಿ ನಡೆದಿರಲಾರದು. ಹೇಳಿ ಹೇಳಿ ನಾನೇ ಅದರ ಅಂಚು ಹೊಲಿದಿದ್ದೇನೆ ಎಂಬ ಗುಮಾನಿ ನನಗಿದೆ. ಆದರೆ 'ಪುಣ್ಯಾ ಮಾಡಿದ್ಲು' ಎಂದದ್ದು ಮಾತ್ರ ಖರೆ. ಅಧ್ಯಕ್ಷರಿಗೆ ತಿಳಿಸಿದಾಗ ಅವರು ಸಂಜೆಯ ಭಾಷಣದಲ್ಲಿ ಆ ರೈತನ ಕಣ್ಣೀರನ್ನು ಸೇರಿಸಿಕೊಂಡರು.

ಕೊನೆಯ ದಿನ ಬೆಳಿಗ್ಗೆ ಶಾಲು ಹಿಡಿದುಕೊಂಡು ಅಧ್ಯಕ್ಷರು, ಕ್ಯಾಮೆರಾ ಹೊತ್ತುಕೊಂಡು ಸಾಹೇಬರು, ಜೊತೆಗೆ ನಾನು ಅವಳನ್ನು ಕರೆತರಲು ಶಿರಗುಪ್ಪಿಗೆ ಹೋದೆವು. ಮನೆಗೆ ಕೀಲಿ ಬಿದ್ದಿತ್ತು. ಹೊಲದಲ್ಲಿ ಒಬ್ಬ ಗಂಡಸು, ಧೋತರದ ತುದಿಯನ್ನೇ ಉಡಿ ಮಾಡಿಕೊಂಡು, ಒಬ್ಬನೇ ಹತ್ತಿ ಬಿಡಿಸುತ್ತಿದ್ದ. ನಮ್ಮ ಕಡೆ ಅದು ಹೆಂಗಸರ ಕೆಲಸ. ಅವನು ಆಕೆಯ ಗಂಡ.

"ಅಕಿ ಇಲ್ರೀ. ತವರಿಗೆ ಹೋಗ್ಯಾಳ."

"ಹತ್ತಿ ಬಿಡಿಸೋ ಹೊತ್ತಿನ್ಯಾಗ?" ಎಂದರು ಅಧ್ಯಕ್ಷರು, ಹೊಲ ತಮ್ಮದೇ ಎಂಬಂತೆ.

ಅವನು ಬದುವಿನ ಮೇಲೆ ಕೂತು ಹೇಳಿದ. ಸಂತೆಯ ಮರುದಿನ ಅವನ ಭಾವಮೈದುನ ಬಂಡಿ ತುಂಬ ಹೆಂಗಸರನ್ನು ಹೇರಿಕೊಂಡು ಬಂದನಂತೆ. ಊರಬಾಗಿಲ ಅಗಸಿಯಿಂದಲೇ ಅಳು ಶುರು. "ಬಂದಾಂವನ ನನ್ನ ಅಂಗಿ ಹಿಡದ್ರೀ. ತಂಗಿ ಮಣ್ಣಿಗೂ ನನ್ನ ಕರೀಲಿಲ್ಲಲ್ಲೋ ಅಂತ. ನಾ ಅಂಗಿ ಬಿಡಿಸಿಕೊಳ್ಳಾಕ ಹತ್ತಿದ್ದೆ. ಅಳೋ ಸಪ್ಪಳ ಕೇಳಿ ಇಕಿ ಹೊಲದಿಂದ ಓಡಿ ಬಂದ್ಲು. ಹೆಂಗಸರ ನಡುವ ಕುಂತು, ಅವರ ಕೊರಳಿಗೆ ಬಿದ್ದು, ತಾನೂ ಅತ್ತಳ್ರೀ. ಹೊಟ್ಟಿ ತುಂಬ ಅತ್ತ ಮ್ಯಾಲ ಕೇಳಿದ್ಲು, ಯಾರು ಸತ್ತದ್ದು ಅಂತ."

ತಲೆಯೆತ್ತಿ ಮುಖ ನೋಡಿದ ಅತ್ತಿಗೆ ಚೀರಿಕೊಂಡು ಗೋಡೆಗೆ ಹಾಯ್ದಳಂತೆ.

ಈ ಭಾಗವನ್ನು ನಂಬಲು ಆಗಲೂ ಕಷ್ಟವಾಯಿತು, ಈಗಲೂ ಕಷ್ಟ. ಸಾಹೇಬರು ಮಾತ್ರ ಕರಿ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಹೆಣ್ಣುಮಗಳು ತೀರಿದರೆ ಕೊನೆಯ ಸೀರೆ ತವರಿನದಾಗಬೇಕು. ಮಣ್ಣಿಗೆ ಒದಗಲಿಲ್ಲ, ಎಡೆಯ ಮುಂದಾದರೂ ಇಡೋಣವೆಂದು ಅಣ್ಣ ದಪ್ಪ ಸೆರಗಿನ ಒಳ್ಳೆ ಸೀರೆಯೊಂದನ್ನು ತಂದಿದ್ದ. ಆಕೆ ಅದನ್ನು ಬಿಚ್ಚಿ, ಅಂಚು ತಿರುವಿ, ಬೆಳಕಿಗೆ ಹಿಡಿದು ನೋಡಿದಳಂತೆ.

"ಸತ್ತಮ್ಯಾಲ ಇಂಥಾದ್ದು ತಂದೀ. ಇದ್ದಾಗ ಯಾಕೋ ಅಣ್ಣಾ ಆ ಜಾಳಂದು ಕೊಟ್ಟಿ?"

ಸತ್ತವರಿಗೆಂದು ತಂದದ್ದನ್ನು ಬದುಕಿದ್ದವಳು ಉಡಬಾರದು ಎಂದರು ಮುದುಕಿಯರು. "ನಿಮ್ಮ ಲೆಕ್ಕದಾಗ ನಾ ಸತ್ತೇನಿಲ್ಲೋ? ಸತ್ತಾಕಿಗೆ ತಂದದ್ದು ಸತ್ತಾಕೀನ ಉಡಬೇಕು," ಎಂದು ಒಳಗೆ ಹೋಗಿ ಉಟ್ಟುಬಂದಳು. ಅಣ್ಣ ಅಳುತ್ತಲೇ ಬಂಡಿ ಹೂಡಿದ. ಅದೇ ಬಂಡಿಯಲ್ಲಿ ತವರಿಗೆ ಹೋದಳು.

"ಮತ್ತ ಹತ್ತಿ?" ಎಂದು ಗಂಡ ಕೂಗಿ ಕೇಳಿದ್ದಕ್ಕೆ, "ಸತ್ತವರು ಹತ್ತಿ ಬಿಡಿಸ್ತಾರೇನ್ರಿ?" ಎಂದು ಬಂಡಿಯಿಂದಲೇ ಉತ್ತರ ಬಂತಂತೆ.

ಅಧ್ಯಕ್ಷರು ಕೈಯಲ್ಲಿದ್ದ ಶಾಲನ್ನು ನೋಡಿದರು. ಸಂಜೆಗೆ ಜಿಲ್ಲೆಯ ದೊಡ್ಡ ಅಧಿಕಾರಿಗಳು ಬರುವವರಿದ್ದರು. ವೇದಿಕೆಯ ಮೇಲೆ ಖುರ್ಚಿ ಹಾಕಿಸಿಯಾಗಿತ್ತು. ಸಾಹೇಬರು ಆಗಲೇ ಮೂರು ಕಾಲು ಬಿಡಿಸುತ್ತ, "ವಕೀಲ ಸಾಹೇಬ್ರ, ಇವರದನ್ನ ಒಂದು ತಗದುಬಿಡೋಣ್ರಿ. ಉಡಿ ಛಲೋ ಕಾಣತೈತಿ," ಎಂದರು.

ಅಧ್ಯಕ್ಷರು ಯೋಚಿಸಿ, ಸಂಜೆಯ ಖುರ್ಚಿ ನೆನಪಾಯಿತೋ ಏನೋ, ತಲೆಯಾಡಿಸಿದರು. "ಆಗಲಿ. ನೀನೇ ಬಾರಪಾ. ನಿನಗೇ ಸನ್ಮಾನ ಮಾಡ್ತೇವಿ."

ಅವನು ಗಾಬರಿಯಾಗಿ ಎದ್ದು ನಿಂತ. ಉಡಿಯ ಹತ್ತಿಯೆಲ್ಲ ಕಾಲ ಮೇಲೆ ಸುರಿಯಿತು.

"ಬ್ಯಾಡ್ರೀ ಯಪ್ಪಾ! ನಾ ಹತ್ತಿ ಬಿಡಿಸೋದನ್ನ ಧಾರವಾಡದಾಗ ತೂಗಹಾಕಿದ್ರ ನನ್ನ ಮಾನ ಏನಾಗಬೇಕು?"

ಅಧ್ಯಕ್ಷರು ಶಾಲನ್ನು ಮಡಚತೊಡಗಿದರು.