ಎರಡು ಸೂಜಿಯ ಹೊಲಿಗೆ

ನಲವತ್ತೆರಡನೆಯ ವಯಸ್ಸಿನಲ್ಲಿ ನನಗೆ ಹ್ಯಾಂಡ್‌ಬ್ಯಾಗ್ ಹೊಲಿಯುವ ಹುಚ್ಚು ಹತ್ತಿತು. ನಾನು ಒಂಟಿಕೊಪ್ಪಲಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವವಳು. ಮನೆ ಅಶೋಕಪುರಂನಲ್ಲಿ, ಅಪ್ಪ ಅಮ್ಮನ ಜೊತೆ. ಒಂದು ದಿನ ಮಾಲ್‌ನ ಅಂಗಡಿಯ ಗಾಜಿನ ಹಿಂದೆ ಕಂದು ಬಣ್ಣದ ಚರ್ಮದ ಬ್ಯಾಗೊಂದನ್ನು ಕಂಡೆ. ಮುಚ್ಚಳ ಅರ್ಧಚಂದ್ರದ ಹಾಗೆ ಬಾಗಿತ್ತು. ಅಂಚಿನ ಹೊಲಿಗೆ ಅಕ್ಕಿಕಾಳು ಸಾಲಾಗಿ ಜೋಡಿಸಿಟ್ಟಂತಿತ್ತು. ಕೊಳ್ಳಬೇಕು ಅನ್ನಿಸುವುದಕ್ಕಿಂತ ಹೆಚ್ಚಾಗಿ, ಇದನ್ನು ನಾನೇ ಮಾಡಿದರೆ ಹೇಗೆ ಅನ್ನಿಸಿತು.

ಬೇಸಿಗೆ ರಜೆಗೆ ಕಾದೆ. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಅಳತೆ ಬರೆದು ಕತ್ತರಿಸಿಟ್ಟುಕೊಂಡೆ. ಚರ್ಮ, ಮೇಣ ಸವರಿದ ದಾರ, ದಪ್ಪ ಸೂಜಿಗಳನ್ನು ಆನ್‌ಲೈನಿನಲ್ಲಿ ತರಿಸಿದೆ. ಚರ್ಮದ ಸುರುಳಿ ಬಿಚ್ಚಿದ್ದೇ ತಡ, ನಡುಮನೆಯಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಕುರ್ಚಿ ಎತ್ತಿಕೊಂಡು ಹೊರಗೆ ಹೋಗಿ ಕೂತರು. ಹೆಬ್ಬಾಳದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಎಣ್ಣೆ, ಕಬ್ಬಿಣದ ನಡುವೆ ಶಿಫ್ಟ್ ಮಾಡಿದವರಿಗೆ ಇದೊಂದು ವಾಸನೆ ಏನು ಮಹಾ ಎಂದುಕೊಂಡೆ. ಅಮ್ಮ ಮಾತ್ರ ಹತ್ತಿರ ಬಂದು, ಅವರಿಗೆ ಅದು ಆಗುವುದಿಲ್ಲ, ಹಿತ್ತಿಲಿಗೆ ಹೋಗಿ ಮಾಡಿಕೊ ಎಂದರು. ಯಾಕೆಂದು ಹೇಳಲಿಲ್ಲ.

ಹಿತ್ತಿಲ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿಕೊಂಡು ಕೂತೆ. ಫೋನಿನಲ್ಲಿ ವಿಡಿಯೊ ನೋಡುವುದು, ನಿಲ್ಲಿಸಿ ಕತ್ತರಿಸುವುದು. ಮೊದಲು ಹಿಡಿಯನ್ನೇ ಹೊಲಿದು, ಪುಸ್ತಕದ ಹೊರೆ ಕಟ್ಟಿ ಮೊಳೆಗೆ ನೇತು ಹಾಕಿದೆ. ಬೆಳಿಗ್ಗೆ ನೋಡಿದರೆ ಎಳೆದುಕೊಂಡು ಜೋತುಬಿದ್ದಿತ್ತು. ಇನ್ನೊಂದು ಮಾಡಿದೆ. ಅದೂ ಹಾಗೇ ಆಯಿತು. ಮೂರನೆಯದಕ್ಕೆ ಕತ್ತರಿ ಹಾಕುವಾಗ ಹಿಂದಿನಿಂದ ಅಪ್ಪನ ದನಿ ಕೇಳಿತು.

“ಅದು ಹೊಟ್ಟೆ ಕಡೆ ಚರ್ಮ ಕಣವ್ವ. ಎಳ್ಕತದೆ. ಹಿಡಿಗೆ ಬೆನ್ನಿಂದು ತಗೋ.”

ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ ಗೊತ್ತಿಲ್ಲ. ಬಂದು ಮೆಟ್ಟಿಲ ಮೇಲೆ ಕೂತು, ಚರ್ಮವನ್ನು ತೊಡೆಯ ಮೇಲೆ ಹರಡಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ, ಗಟ್ಟಿಯಿದ್ದ ಕಡೆ ಉಗುರಿನಲ್ಲಿ ಗೀಟೆಳೆದರು. ಆಮೇಲೆ ನನ್ನ ಹೊಲಿಗೆ ನೋಡಿ ಅಷ್ಟನ್ನೂ ಬಿಚ್ಚಿದರು. ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ದಾಟಿಸಿ ಎಳೆದರು. ಒಂದು ಕಡೆ ದಾರ ಸವೆದು ಕಡಿದರೂ ಇನ್ನೊಂದು ಹಿಡಿದುಕೊಂಡಿರುತ್ತದಂತೆ. ವಿಡಿಯೊದವನೂ ಇದನ್ನೇ ಹೇಳಿದ್ದ. ಆದರೆ ಅಪ್ಪನ ಕೈ ಆಡಿದ ಹಾಗೆ ಅವನ ಕೈ ಆಡಿರಲಿಲ್ಲ.

ನಿಮಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದೆ. ತಾತ ಕೂಲಿ ಮಾಡುತ್ತಿದ್ದರು ಎಂದಷ್ಟೇ ನಾವು ಕೇಳಿ ಬೆಳೆದದ್ದು. ಅಪ್ಪ ಸೂಜಿ ನಿಲ್ಲಿಸಲಿಲ್ಲ.

“ನಮ್ಮಪ್ಪ ಚಪ್ಲಿ ಹೊಲಿತಿದ್ರು. ಸ್ಕೂಲಿಂದ ಬಂದು ನಾನೂ ಕೂತ್ಕತಿದ್ದೆ. ಕೈ ಎಷ್ಟು ಉಜ್ಜುದ್ರೂ ವಾಸ್ನೆ ಹೋಯ್ತಿರ್ಲಿಲ್ಲ. ಕ್ಲಾಸಲ್ಲಿ ಪಕ್ಕದವ್ನು ಎದ್ದೋಗಿ ಬೇರೆ ಕಡೆ ಕೂರೋನು. ನನ್ ಮಕ್ಳು ಇದನ್ನ ಮುಟ್ಟೋದೇ ಬ್ಯಾಡ ಅಂದ್ಕಂಡಿದ್ದೆ.”

ದಾರವನ್ನು ಬಿಗಿಯಾಗಿ ಎಳೆದು, “ನೀನಾಗೇ ಮುಟ್ಬುಟ್ಟೆ. ಮಾಡೋದಾದ್ರೆ ನೆಟ್ಟಗೆ ಮಾಡು,” ಎಂದರು.

ಅಂದಿನಿಂದ ಹತ್ತು ದಿನ ನಾವಿಬ್ಬರೂ ಹಿತ್ತಿಲಲ್ಲೇ. ಅಪ್ಪ ಕಠಿಣ ಮೇಷ್ಟ್ರು. ಮುಚ್ಚಳದ ಬಾಗು ಸರಿಬರಲಿಲ್ಲವೆಂದು ಎರಡು ಸಲ ಬಿಚ್ಚಿಸಿದರು. ಅಂಚಿಗೆ ನೀರು ಸವರಿ, ಮೇಣ ಹಚ್ಚಿ, ಬಟ್ಟೆಯಲ್ಲಿ ಹೊಳಪು ಬರುವ ತನಕ ನನ್ನ ಕೈಯಲ್ಲಿ ತಿಕ್ಕಿಸಿದರು. ಅವರು ಹೊಲಿದು ತೋರಿಸಿದ್ದು ಹಿಡಿಯ ಒಂದು ಗೇಣು ಮಾತ್ರ, ಉಳಿದದ್ದೆಲ್ಲ ನನ್ನದೇ. ಬೆರಳ ತುದಿಗಳು ಬಿರುಕುಬಿಟ್ಟವು. ಕೊನೆಯ ಗಂಟು ಹಾಕಿ ಬ್ಯಾಗನ್ನು ಕಲ್ಲಿನ ಮೇಲೆ ನಿಲ್ಲಿಸಿದಾಗ ಅದು ಯಾವುದಕ್ಕೂ ಆತುಕೊಳ್ಳದೆ ತಾನಾಗಿಯೇ ನಿಂತಿತು. ಮಾಲ್‌ನ ಬ್ಯಾಗಿಗಿಂತ ಚೆನ್ನಾಗಿದೆ ಎಂದು ಅಮ್ಮ ಹೇಳಿದ್ದನ್ನು ನಾನು ಒಂದಿಷ್ಟೂ ಸಂಕೋಚವಿಲ್ಲದೆ ಒಪ್ಪಿಕೊಂಡೆ.

ಶಾಲೆ ಶುರುವಾಯಿತು. ಸ್ಟಾಫ್ ರೂಮಿನಲ್ಲಿ ಬ್ಯಾಗು ಕೈಯಿಂದ ಕೈಗೆ ಓಡಾಡಿತು. ಯಾವ ಕಂಪನಿಯದೆಂದು ಕೇಳಿದವರಿಗೆಲ್ಲ, ನಾನೇ ಹೊಲಿದೆ, ನಮ್ಮಪ್ಪ ಕಲಿಸಿದರು ಎಂದೆ. ಹಾಗೆ ಹೇಳುವಾಗ ನನ್ನ ದನಿ ಪಾಠ ಮಾಡುವಾಗಿನಷ್ಟೇ ದೊಡ್ಡದಾಗಿತ್ತು.

ಮುಂದಿನ ಭಾನುವಾರ ಎದ್ದು ನೋಡಿದರೆ ಬ್ಯಾಗಿಲ್ಲ. ಒಳಗಿದ್ದ ನನ್ನ ಪೆನ್ನು, ಕನ್ನಡಕ, ಬಸ್ ಪಾಸು ಎಲ್ಲ ಮೇಜಿನ ಮೇಲೆ ಅಚ್ಚುಕಟ್ಟಾಗಿದ್ದವು. ಅಪ್ಪ ತೆಗೆದುಕೊಂಡು ಹೋದರು ಎಂದರು ಅಮ್ಮ. ಪಾರ್ಕಿನ ಕಡೆ ಹೋದೆ. ದಿನಾ ಜೊತೆಗೆ ವಾಕಿಂಗ್ ಮಾಡುವ ನಾಲ್ಕು ಜನ ಅಪ್ಪನ ಸುತ್ತ ಕೂತಿದ್ದರು. ಒಬ್ಬರು ಬ್ಯಾಗಿನ ಮುಚ್ಚಳ ಎತ್ತಿ ಒಳಹೊಲಿಗೆ ನೋಡುತ್ತಿದ್ದರು. ನಾನು ಬಂದದ್ದನ್ನು ಅಪ್ಪ ಗಮನಿಸಿರಲಿಲ್ಲ.

“ನಮ್ಮಪ್ಪಂದು ಇದೇ ಕಸುಬು ಕಣ್ರೀ,” ಎನ್ನುತ್ತಿದ್ದರು. “ಅವ್ರು ನಂಗೆ ಹೇಳ್ಕೊಟ್ರು, ನಾನು ಮಗಳಿಗೆ ಹೇಳ್ಕೊಟ್ಟೆ.”

ನನ್ನನ್ನು ಕಂಡ ಮೇಲೂ ಮಾತು ನಿಲ್ಲಿಸಲಿಲ್ಲ. ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರು. ನಾನು ಅವರ ಪಕ್ಕ ಕೂತೆ.