ಬಾಗಿಲ ಮೇಲಿನ ಬೋರ್ಡು ನನಗಲ್ಲ ಎಂದುಕೊಂಡೆ

ಹುಬ್ಬಳ್ಳಿಯಿಂದ ಚೆನ್ನೈಗೆ ಒಂದು ರಾತ್ರಿ ಮತ್ತು ಅರ್ಧ ಹಗಲಿನ ದಾರಿ. ಐದು ವರ್ಷದ ಮಗಳು ಚಿನ್ಮಯಿಯ ಜೊತೆ ಗುರುವಾರ ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಹೆಂಡತಿ ವಿದ್ಯಾಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸವಿದ್ದುದರಿಂದ ನಾವಿಬ್ಬರೇ ಹೊರಟಿದ್ದೆವು. ವೆಸ್ಟ್ ಮಾಂಬಲಂನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಭಾನುವಾರ ಅವಳ ಮೊಮ್ಮಗಳು ತನ್ವಿಯ ಅನ್ನಪ್ರಾಶನ. ಮಗುವಿನ ತಾಯಿ, ಅಕ್ಕನ ಮಗಳು ಜಾಹ್ನವಿಗೆ ಅಣ್ಣತಮ್ಮಂದಿರಿಲ್ಲ. ಸೋದರಮಾವನ ಜಾಗದಲ್ಲಿ ನಿಂತು ಮೊದಲ ತುತ್ತು ನೀನೇ ಉಣಿಸಬೇಕು ಎಂದು ಅಕ್ಕ ತಿಂಗಳಿಂದ ಹೇಳುತ್ತಿದ್ದಳು.

ರಸ್ತೆ ದಾಟಿ ಪಾರ್ಕ್ ಸ್ಟೇಷನ್ನಿಗೆ ಹೋಗಿ, ಐದು ರೂಪಾಯಿಯ ಟಿಕೆಟಿನಲ್ಲಿ ಲೋಕಲ್ ರೈಲು ಹಿಡಿದು ಮಾಂಬಲಂ ತಲುಪಿದೆವು. ದಾರಿಯುದ್ದಕ್ಕೂ ಚಿನ್ಮಯಿ ಸೀನುತ್ತಿದ್ದಳು. ಕಣ್ಣು ಕೆಂಪಾಗಿತ್ತು. ರಾತ್ರಿಯಿಡೀ ಕಿಟಕಿಯ ಗಾಳಿಗೆ ಕೂತಿದ್ದಕ್ಕೆ ಎಂದುಕೊಂಡೆ.

ಅಕ್ಕ ಮೂವತ್ತು ವರ್ಷದಿಂದ ಆ ಓಣಿಯಲ್ಲಿದ್ದಾಳೆ. ಅವಳ ಧಾರವಾಡದ ಮಾತಿನೊಳಗೆ ಈಗ ತಮಿಳೂ ಸೇರಿಕೊಂಡಿದೆ. ಎದುರು ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದನ್ನು ತೋರಿಸಿ, "ಎಲ್ಲಾ ಕಡೆ ದಡಾರ ಹಬ್ಯದ ರಾಘೂ. ಕೂಸಿನ್ನ ಹೊರಗ ಬಿಡಬ್ಯಾಡ, ಜಾಗ್ರತೈಯಾ ಇರು" ಎಂದಳು. ಈ ಊರಿನ ರೋಗ ನನ್ನ ಮಗಳಿಗೆ ತಗುಲಬಾರದು ಎಂದು ಆಗಲೇ ಹೋಗಿ ಮಾಸ್ಕ್ ಕೊಂಡು ತಂದೆ.

ಶುಕ್ರವಾರ ಬೆಳಿಗ್ಗೆ ತನ್ವಿಗೆ ಫ್ಲೂ ಇಂಜೆಕ್ಷನ್ ಕೊಡಿಸಲು ಜಾಹ್ನವಿ ಮಕ್ಕಳ ಕ್ಲಿನಿಕ್ಕಿಗೆ ಹೊರಟಳು. ಚಿನ್ಮಯಿಗೆ ರಾತ್ರಿ ಮೈ ಬಿಸಿಯಾಗಿತ್ತು, ಕೆಮ್ಮೂ ಇತ್ತು. ಹಾಗೇ ತೋರಿಸಿಕೊಂಡು ಬಂದರಾಯಿತೆಂದು ನಾವೂ ಆಟೋ ಹತ್ತಿದೆವು. ಕ್ಲಿನಿಕ್ ವಡಪಳನಿಯ ಕಡೆ, ಒಂದು ಔಷಧದಂಗಡಿಯ ಮೇಲಿನ ಮಹಡಿಯಲ್ಲಿತ್ತು. ಬಾಗಿಲ ಮೇಲೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಬೋರ್ಡು. ಜ್ವರ, ಕೆಮ್ಮು, ಮೈಮೇಲೆ ಗಂದೆ ಇರುವ ಮಕ್ಕಳನ್ನು ಒಳಗೆ ಕರೆತರಬೇಡಿ, ಹೊರಗೇ ನಿಂತು ಫೋನ್ ಮಾಡಿ ಎಂದು ಬರೆದಿತ್ತು. ಮಗುವನ್ನೆತ್ತಿಕೊಂಡಿದ್ದ ಜಾಹ್ನವಿ ಮುಂದೆ ಹೋಗಿಬಿಟ್ಟಿದ್ದಳು. ನಾನು ಅದನ್ನು ಪೂರ್ತಿ ಓದಿದೆ. ಅದು ದಡಾರದ ಮಕ್ಕಳಿಗೆ, ನಮ್ಮದು ಬರೀ ನೆಗಡಿ ಎಂದುಕೊಂಡು ಬಾಗಿಲು ತಳ್ಳಿದೆ.

ಎಸಿ ಹಾಕಿದ, ಕಿಟಕಿ ಮುಚ್ಚಿದ ಹಾಲಿನಲ್ಲಿ ಹತ್ತು ಹನ್ನೆರಡು ಕುಟುಂಬಗಳು ಕೂತಿದ್ದವು. ಚಿನ್ಮಯಿ ಸ್ವಲ್ಪ ಹೊತ್ತಿಗೇ ಮಾಸ್ಕನ್ನು ಗಲ್ಲದ ಕೆಳಗೆ ಇಳಿಸಿಕೊಂಡು ಬಿಸ್ಕತ್ತು ತಿಂದಳು. ತಲೆಗೆ ಉಣ್ಣೆ ಟೋಪಿ ಹಾಕಿಕೊಂಡಿದ್ದ ಬಡಕಲು ಹುಡುಗನೊಬ್ಬನ ಜೊತೆ ಕೂತು ಬ್ಲಾಕ್ ಜೋಡಿಸಿದಳು. ನನ್ನ ಪಕ್ಕದ ಹೆಂಗಸಿನ ಮಡಿಲಲ್ಲಿ ನಾಲ್ಕು ತಿಂಗಳ ಕೂಸಿತ್ತು. ಅವಳ ಗಂಡ ಸಿನಿಮಾ ಸ್ಟುಡಿಯೋದಲ್ಲಿ ಲೈಟಿನ ಕೆಲಸ ಮಾಡುತ್ತಾನೆ, ಮುರುಗನ ಗುಡಿಯ ಹಿಂದೆ ಅವರ ಮನೆ ಎಂಬಷ್ಟು ನನ್ನ ಅರೆಬರೆ ತಮಿಳಿಗೆ ತಿಳಿಯಿತು. ತನ್ವಿಗೆ ಇಂಜೆಕ್ಷನ್ ಆಯಿತು. ಮೊದಲೇ ಹೆಸರು ಬರೆಸದ ನಮಗೆ ಇನ್ನೂ ಒಂದು ಗಂಟೆ ಎಂದರು. ಕೆಳಗಿನ ಅಂಗಡಿಯಲ್ಲಿ ಜ್ವರದ ಸಿರಪ್ ತೆಗೆದುಕೊಂಡು ಮನೆಗೆ ಬಂದೆವು.

ಶನಿವಾರ ಬೆಳಿಗ್ಗೆ ಚಿನ್ಮಯಿಯ ತಲೆ ಬಾಚುತ್ತಿದ್ದ ಅಕ್ಕ ಬಾಚಣಿಗೆ ಕೆಳಗಿಟ್ಟು ನನ್ನನ್ನು ಕರೆದಳು. ಮಗಳ ಕಿವಿಯ ಹಿಂದೆ, ಕೂದಲಂಚಿನಲ್ಲಿ ಕೆಂಪು ಗಂದೆಗಳು. ಜಾಹ್ನವಿ ತೊಟ್ಟಿಲಿನಿಂದ ತನ್ವಿಯನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈ ಸಲ ಫೋನ್ ಮಾಡಿದೆ. ಡಾಕ್ಟರು ಒಳಗೆ ಬರಬೇಡಿ, ಗಾಳಿಯಾಡುವ ಆಟೋದಲ್ಲಿ ಮಾಸ್ಕ್ ಹಾಕಿಕೊಂಡು ಬನ್ನಿ, ಒಂದೂವರೆಗೆ ಬೇರೆಯವರೆಲ್ಲ ಹೋದ ಮೇಲೆ ಹಿಂದಿನ ಮೆಟ್ಟಿಲಿಂದ ವರಾಂಡಕ್ಕೆ ಹತ್ತಿ ಎಂದು ಒಂದೊಂದಾಗಿ ಹೇಳಿದರು. ಅವರು ಮೈಸೂರು ಮೂಲದ ಕುಟುಂಬದ ಹೆಂಗಸು, ನನ್ನೊಡನೆ ಕನ್ನಡದಲ್ಲೇ ಮಾತಾಡಿದರು. ತೆರೆದ ವರಾಂಡದಲ್ಲೇ ಟಾರ್ಚು ಹಿಡಿದು ಚಿನ್ಮಯಿಯ ಬಾಯಿ ನೋಡಿದರು. ದಡಾರವೇ. ವಿಟಮಿನ್ ಎ ಕುಡಿಸಿ ಲಸಿಕೆಯ ಕಾರ್ಡು ಕೇಳಿದರು. ವಿದ್ಯಾ ಹುಬ್ಬಳ್ಳಿಯಿಂದ ಅದರ ಫೋಟೋ ಕಳಿಸಿದಳು. ಎರಡನೇ ಡೋಸಿನ ಜಾಗ ಖಾಲಿಯಿತ್ತು. ಅದನ್ನು ಹಾಕಿಸಬೇಕಿದ್ದ ದಿನ ಮಗುವಿಗೆ ಜ್ವರವಿತ್ತು, ಮುಂದಿನ ವಾರ ಹೋದರಾಯಿತು ಎಂದಿದ್ದವನು ನಾನೇ.

"ಚೆನ್ನೈಗೆ ಬಂದು ಮೂರೇ ದಿನಕ್ಕೆ ಹಿಡಿಯಿತಲ್ಲ ಡಾಕ್ಟ್ರೇ" ಎಂದೆ.

"ಇಲ್ಲಿ ಹಿಡಿದದ್ದಲ್ಲ. ಮೈಯೊಳಗೆ ಹೊಕ್ಕು ಜ್ವರ ಬರೋದಕ್ಕೇ ಹತ್ತು ದಿನ ಬೇಕು. ನೀವು ಊರಿಂದಲೇ ತಂದಿದೀರಿ" ಎಂದರು. ಆಮೇಲೆ ಕೇಳಿದರು: "ನಿನ್ನೆ ನಮ್ಮ ಹಾಲಿನಲ್ಲಿ ಎಷ್ಟು ಹೊತ್ತು ಕೂತಿದ್ರಿ?"

ಮುಕ್ಕಾಲು ಗಂಟೆ ಎಂದೆ. ಮಗು ಎದ್ದುಹೋದ ಮೇಲೂ ಎರಡು ಗಂಟೆ ಆ ಗಾಳಿಯಲ್ಲಿ ರೋಗವಿರುತ್ತದೆ ಎಂದು ಅವರು ಹೇಳಿದ್ದು ಎಲ್ಲೋ ದೂರದಿಂದ ಕೇಳಿದಂತಿತ್ತು. ಅವರು ನರ್ಸಿನ ಕೈಯಿಂದ ರಿಜಿಸ್ಟರು ತೆಗೆದುಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು. ಎರಡು ಡೋಸೂ ಆಗಿದೆಯೇ, ಮನೆಯಲ್ಲಿ ಬಸುರಿಯರು ಇದ್ದಾರೆಯೇ ಎಂದು ವಿಚಾರಿಸುವುದು ನನಗೆ ಕೇಳುತ್ತಿತ್ತು. ಟೋಪಿಯ ಹುಡುಗ ಕ್ಯಾನ್ಸರಿಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದವನು ಎಂದು ಆಗ ಗೊತ್ತಾಯಿತು. ಅವನನ್ನು ಈಗಲೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ ಎಂದು ಅವನ ತಂದೆಗೆ ಹೇಳುವಾಗ ಡಾಕ್ಟರ ದನಿ ತಗ್ಗಿತು. ನಾನು ಮಗಳನ್ನು ತಬ್ಬಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಬಿಸಿಲಿಗೆ ಕಾದ ಕಲ್ಲು ಸುಡುತ್ತಿದ್ದರೂ ಏಳಲಾಗಲಿಲ್ಲ. ಒಂದು ನಂಬರು ಮಾತ್ರ ತಪ್ಪಿತ್ತು. ನಾಲ್ಕು ತಿಂಗಳ ಕೂಸಿನದು.

ಅದೇ ಸಂಜೆ ಜಾಹ್ನವಿ ತನ್ವಿಗೆ ದಡಾರದ ಲಸಿಕೆ ಹಾಕಿಸಿದಳು. ರೋಗದ ಗಾಳಿ ಸೋಕಿದ ಮೂರು ದಿನದೊಳಗೆ ಹಾಕಿದರೆ ತಡೆಯಬಹುದಂತೆ. ನನ್ನನ್ನೂ ಚಿನ್ಮಯಿಯನ್ನೂ ಮೊಟ್ಟೆಮಾಡಿಗೆ, ಅಂದರೆ ತಾರಸಿಯ ಮೇಲಿದ್ದ ಒಂಟಿ ಕೋಣೆಗೆ ಕಳಿಸಿದರು. ಜಾಹ್ನವಿಗೆ ಕನ್ನಡ ತಿಳಿಯುತ್ತದೆ, ಆಡುವುದು ತಮಿಳು. ಮೆಟ್ಟಿಲ ಬುಡದಲ್ಲಿ ನಿಂತು ಅವಳು ಒಂದೇ ಮಾತು ಕೇಳಿದಳು: "ಮಾಮಾ, ನೀಂಗ ಅಂದ ಬೋರ್ಡ್ ಪಡಿಚ್ಚೀಂಗಳಾ?"

ಹೌದು, ಆ ಬೋರ್ಡು ಓದಿದ್ದೆ ಎಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು.

ಭಾನುವಾರ ಅನ್ನಪ್ರಾಶನ ನಡೆಯಲಿಲ್ಲ. ಅಕ್ಕ ಮೆಟ್ಟಿಲ ಮೇಲೆ ಗಂಜಿ, ಸಾರು ಇಟ್ಟು ಹೋಗುತ್ತಿದ್ದಳು. ಚಿನ್ಮಯಿಯ ಮೈತುಂಬ ಗಂದೆ ಹರಡಿತ್ತು. ಬೆಳಕು ಕಂಡರೆ ಅಳುತ್ತಾಳೆಂದು ಕಿಟಕಿಗೆ ಪಂಚೆ ಕಟ್ಟಿದ್ದೆ. ಕ್ಲಿನಿಕ್ಕಿನ ನರ್ಸು ಇಡೀ ದಿನ ಹುಡುಕಿದರೂ ಆ ಕೂಸಿನ ಮನೆ ಸಿಗಲಿಲ್ಲ ಎಂದು ಸಂಜೆ ತಿಳಿಯಿತು. ಲಸಿಕೆ ಹಾಕುವ ವಯಸ್ಸು ಇನ್ನೂ ಆಗದ್ದರಿಂದ ಆರು ದಿನದೊಳಗೆ ಅದಕ್ಕೊಂದು ಬೇರೆ ಇಂಜೆಕ್ಷನ್ ಕೊಡಿಸಬೇಕು. ಎರಡು ಕಳೆದಿದ್ದವು.

ಸೋಮವಾರ ಚಿನ್ಮಯಿಯನ್ನು ಅಕ್ಕನಿಗೆ ಒಪ್ಪಿಸಿ ನಾನೇ ಹೊರಟೆ. ನನಗೂ ಅಕ್ಕನಿಗೂ ಚಿಕ್ಕಂದಿನಲ್ಲೇ ದಡಾರ ಬಂದು ಹೋಗಿತ್ತು. ನೀವು ಹೊರಗೆ ಓಡಾಡಬಹುದು ಎಂದು ಡಾಕ್ಟರು ಹೇಳಿದ್ದರು. ಮುರುಗನ ಗುಡಿಯ ಹಿಂದಿನ ಓಣಿಗಳಲ್ಲಿ ಹೂವಿನವಳನ್ನು, ಇಸ್ತ್ರಿಯವನನ್ನು, ಟೀ ಅಂಗಡಿಯವನನ್ನು ಕೇಳಿದೆ. ಲೈಟಿನ ಕೆಲಸದವರು ಅಲ್ಲಿ ಮನೆಗೊಬ್ಬರು. ಸಣ್ಣ ಕೂಸಿರುವ ಮನೆ ಎಂದರೆ ಯಾಕೆ ಎಂದು ಅನುಮಾನದಿಂದ ನೋಡುತ್ತಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಇಸ್ತ್ರಿಯವನ ಹೆಂಡತಿ ಒಂದು ಮನೆ ತೋರಿಸಿದಳು. ಬೀಗ ಹಾಕಿತ್ತು. ಶನಿವಾರವೇ ತಿಂಡಿವನದ ಹತ್ತಿರದ ತವರಿಗೆ ಬಸ್ಸಿನಲ್ಲಿ ಹೋದರು ಎಂದಳು. ಅವಳ ಫೋನಿನಲ್ಲಿ ನಂಬರಿತ್ತು. ಅವಳೇ ಕರೆ ಮಾಡಿ ನನ್ನ ಕೈಗೆ ಕೊಟ್ಟಳು.

ನನಗೆ ಬಂದಷ್ಟು ತಮಿಳಿನಲ್ಲಿ ಕೂಸಿಗೆ ದಡಾರದ ಗಾಳಿ ಸೋಕಿದೆ ಎಂದು ಹೇಳಿದೆ. ಕೂಸನ್ನು ನಾಳೆಯೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಬೇಕು, ಹೋಗುವ ಮುಂಚೆ ಫೋನ್ ಮಾಡಬೇಕು, ಎಲ್ಲಿಗೆಂದು ಡಾಕ್ಟರು ತಿಳಿಸುತ್ತಾರೆ ಎಂದೆ. ಕೂಸಿನ ತಾಯಿ ಡಾಕ್ಟರ ನಂಬರು ಬರೆದುಕೊಂಡಳು. ನೀವು ಕ್ಲಿನಿಕ್ಕಿನವರಾ ಎಂದು ಕೇಳಿದಳು. ಅಲ್ಲ, ಅವತ್ತು ನಿಮ್ಮ ಪಕ್ಕದಲ್ಲಿ ಕೂತಿದ್ದೆ, ಕೆಮ್ಮುತ್ತಿದ್ದವಳು ನನ್ನ ಮಗಳು ಎಂದೆ. ಬೈಗುಳಕ್ಕೆ ಕಾದು ನಿಂತೆ.

"ಪಾಪ್ಪಾ ಇಪ್ಪ ಎಪ್ಪಡಿ ಇರುಕ್ಕಾ?" ಎಂದಳು.

ನನ್ನ ಮಗಳು ಈಗ ಹೇಗಿದ್ದಾಳೆಂದು ಕೇಳುತ್ತಿದ್ದಾಳೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಫೋನನ್ನು ಇಸ್ತ್ರಿಯವನ ಹೆಂಡತಿಗೆ ಕೊಟ್ಟು ಗೋಡೆಯ ಕಡೆ ತಿರುಗಿಕೊಂಡೆ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಆ ಕೂಸಿಗೆ ಮರುದಿನವೇ ಇಂಜೆಕ್ಷನ್ ಸಿಕ್ಕಿತು, ರೋಗ ಬರಲಿಲ್ಲ. ತನ್ವಿಗೆ ನಾವು ಊರಿಗೆ ಮರಳಿದ ಮೇಲೆ ಎರಡು ದಿನ ಜ್ವರ ಕಾಡಿ ಇಳಿಯಿತು. ಟೋಪಿಯ ಹುಡುಗನ ಬಗ್ಗೆ ಕೇಳಿದಾಗಲೆಲ್ಲ ಡಾಕ್ಟರು, ಅವನನ್ನು ಅವನ ಆಸ್ಪತ್ರೆಯವರು ನೋಡಿಕೊಳ್ಳುತ್ತಿದ್ದಾರೆ, ಬೇರೆಯವರ ಮಗುವಿನ ವಿಷಯ ನಾನು ಹೇಳುವಂತಿಲ್ಲ ಎಂದಷ್ಟೇ ಹೇಳಿದರು. ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ವಾಪಸು ಟಿಕೆಟು ರದ್ದು ಮಾಡಿಸಿದ್ದೆ. ಇನ್ನು ಚಿನ್ಮಯಿಯಿಂದ ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮುಂದಿನ ಶನಿವಾರ ಹೊರಟೆವು. ಸೊರಗಿದ್ದ ಚಿನ್ಮಯಿಯನ್ನು ಹೆಗಲ ಮೇಲೆ ಹಾಕಿಕೊಂಡು ಓಣಿಗಿಳಿದೆ. ಅಕ್ಕ ಆಟೋದವರೆಗೆ ಬಂದು ಮೊಸರನ್ನದ ಡಬ್ಬಿ ಕೊಟ್ಟಳು. ತಲೆಯೆತ್ತಿದರೆ ಜಾಹ್ನವಿ ತನ್ವಿಯನ್ನು ಎತ್ತಿಕೊಂಡು ಬಾಲ್ಕನಿಯಲ್ಲಿ ನಿಂತಿದ್ದಳು. ಕೆಳಗೆ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಗುವಿನ ಕೈ ಹಿಡಿದು ನಮ್ಮತ್ತ ಟಾಟಾ ಮಾಡಿಸಿದಳು. ಚಿನ್ಮಯಿ ಕೈಬೀಸಿದಳು. ನನಗೆ ಕೈಬೀಸಲಾಗಲಿಲ್ಲ. ನಾನು ಎತ್ತಿ ಆಡಿಸಿದ ಆ ಹುಡುಗಿಗೆ ಕೆಳಗಿನಿಂದಲೇ ಕೈಮುಗಿದು ಆಟೋ ಹತ್ತಿದೆ.